ಬೆನ್ನಿಗೆ ಚೀಲ, ಕೈಯಲ್ಲಿ ಲೆಕ್ಕದ ಪುಸ್ತಕ



ಹಬ್ಬದ ಖರ್ಚು, ಮದುವೆಯ ಖರ್ಚು, ಶಾಲೆ ಶುರುವಾಗುವ ತಿಂಗಳಿನ ಖರ್ಚು ಅಂತ ಈ ಅಂಕಣದಲ್ಲಿ ನಾವು ನೀವು ಕೂತು ಎಷ್ಟೋ ಲೆಕ್ಕ ಹಾಕಿದ್ದೇವೆ. ಈ ಸಲ ಬಂದ ಪತ್ರ ಮಾತ್ರ ಹೊಸ ಬಗೆಯದು. ತಿಪಟೂರಿನ ಕಡೆಯ ಸೋದರಿಯೊಬ್ಬರು ಬರೆದಿದ್ದಾರೆ: "ಮಗಳು ಜರ್ಮನಿಯ ಮ್ಯೂನಿಕ್‌ನಲ್ಲಿ ಓದುತ್ತಿದ್ದಾಳೆ. ಬ್ಯಾಂಕಿನಲ್ಲಿ ಸಾಲ ಮಾಡಿ ಕಳಿಸಿದ್ದೇವೆ. ರಜದಲ್ಲಿ ಇಬ್ಬರು ಗೆಳತಿಯರ ಜೊತೆ ಬೆನ್ನಿಗೆ ಚೀಲ ಹಾಕ್ಕೊಂಡು ಮೂರು ದೇಶ ಸುತ್ತಿ ಬರ್ತೀನಿ ಅಂತಾಳೆ. ನಮ್ಮ ಅತ್ತೆಯವರು, ಓದೋಕೆ ಕಳಿಸಿದ್ದೋ ತಿರುಗೋಕೆ ಕಳಿಸಿದ್ದೋ ಅಂತ ಕೇಳ್ತಾರೆ. ಯಜಮಾನರು ಬಾಯೇ ಬಿಡುತ್ತಿಲ್ಲ. ನಾನು ಹೂಂ ಅನ್ನಲೋ, ಊಹೂಂ ಅನ್ನಲೋ?"

ಈಗ ನಮ್ಮಲ್ಲಿ ಎಷ್ಟೊಂದು ಮನೆಗಳ ಮಕ್ಕಳು ಜರ್ಮನಿ ಕಡೆ ಓದಲು ಹೋಗಿದ್ದಾರೆ! ಆದ್ದರಿಂದ ಇದು ಒಬ್ಬರ ಪ್ರಶ್ನೆಯಲ್ಲ. ನನ್ನ ಸಲಹೆ ಇಷ್ಟು. ಹೂಂ, ಊಹೂಂ ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. "ಒಂದು ಹಾಳೆಯ ಮೇಲೆ ಲೆಕ್ಕ ಬರೆದು ಕಳಿಸಮ್ಮ" ಅನ್ನಿ. ಲೆಕ್ಕ ಬರೆದು ಕಳಿಸಿದ ಹುಡುಗಿಗೆ ಹೊಣೆ ಗೊತ್ತಿದೆ ಎಂದು ಅರ್ಥ. ಬರೆಯಲಾರದವಳಿಗೆ ಇನ್ನೊಂದು ವರ್ಷ ಕಾಯಲು ಹೇಳಬಹುದು. ಮಗ ಕೇಳಿದ್ದರೂ ಇದೇ ಮಾತು; ಅವನಿಗೊಂದು ನ್ಯಾಯ, ಇವಳಿಗೊಂದು ನ್ಯಾಯ ಬೇಡ.

ಯಾವ ದುಡ್ಡಿನಿಂದ?

ಎಷ್ಟು ಅನ್ನುವ ಮೊದಲು ಯಾವುದರಿಂದ ಅಂತ ಕೇಳಬೇಕು. ಜರ್ಮನಿಗೆ ಹೋಗುವ ವಿದ್ಯಾರ್ಥಿಯ ಹೆಸರಲ್ಲಿ ಬ್ಲಾಕ್ಡ್ ಅಕೌಂಟ್ ತೆರೆದಿರುವುದು ನಿಮಗೆಲ್ಲ ಗೊತ್ತೇ ಇದೆ. 2024ರ ಸೆಪ್ಟೆಂಬರಿನಿಂದ ಅದರಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು, ಕೈಗೆ ಸಿಗುವುದು ತಿಂಗಳಿಗೆ 992. ಅದು ಬಾಡಿಗೆ, ವಿಮೆ, ಊಟದ ದುಡ್ಡು. ಅದಕ್ಕೆ ಕೈ ಹಾಕಬಾರದು. ಸಾಲದ ಹಣಕ್ಕಂತೂ ಬೇಡವೇ ಬೇಡ, ಇಲ್ಲಿ ಅದಕ್ಕೆ ಬಡ್ಡಿ ಬೆಳೆಯುತ್ತಿರುತ್ತದೆ. ಆದರೆ ಅಲ್ಲಿ ವಿದ್ಯಾರ್ಥಿಗಳು ಕೆಲಸ ಮಾಡಿ ಸಂಪಾದಿಸಬಹುದು. 2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ ದುಡಿಯಲು ಅವಕಾಶವಿದೆ. ಪ್ರವಾಸ ಆ ಸಂಪಾದನೆಯಲ್ಲಿ ಆಗಬೇಕು. ತಿಂಗಳಿಗೆ 80 ಯೂರೋ ಎತ್ತಿಟ್ಟರೆ ಹತ್ತು ತಿಂಗಳಿಗೆ 800 ಆಯಿತು. ಅಷ್ಟು ತಾಳ್ಮೆ ಇರುವವಳು ಊರು ಸುತ್ತಲು ತಕ್ಕವಳೇ.

ಹತ್ತು ದಿನ, ಮೂರು ಊರು

ಮ್ಯೂನಿಕ್‌ನಿಂದ ವಿಯೆನ್ನಾ, ಅಲ್ಲಿಂದ ಬುಡಾಪೆಸ್ಟ್, ಅಲ್ಲಿಂದ ಪ್ರಾಗ್, ಮತ್ತೆ ಮ್ಯೂನಿಕ್ ಅಂತ ಇಟ್ಟುಕೊಳ್ಳೋಣ. ಒಂದೊಂದು ಊರಿನಲ್ಲಿ ಮೂರು ರಾತ್ರಿ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಜೂರಿಕ್‌ಗಿಂತ ಇವು, ಅದರಲ್ಲೂ ಕೊನೆಯ ಎರಡು, ಕೈಗೆಟುಕುವ ಊರುಗಳು. ಆಸ್ಟ್ರಿಯಾ, ಹಂಗೆರಿ, ಚೆಕ್ ಮೂರೂ ಷೆಂಗೆನ್ ಒಕ್ಕೂಟದ ದೇಶಗಳು. ಜರ್ಮನಿಯ ನಿವಾಸ ಪರವಾನಗಿ ಕಾರ್ಡೂ ಪಾಸ್‌ಪೋರ್ಟೂ ಇದ್ದರೆ ಬೇರೆ ವೀಸಾ ಬೇಡ. ಯಾವುದೇ 180 ದಿನಗಳಲ್ಲಿ 90 ದಿನದವರೆಗೆ ಓಡಾಡಬಹುದು. ಇಂಗ್ಲೆಂಡ್, ಐರ್ಲೆಂಡ್ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ.

ಒಬ್ಬಳಿಗೆ ನಾನು ಹಾಕಿದ ಅಂದಾಜು ಹೀಗಿದೆ:

ಊರಿಂದ ಊರಿಗೆ ಬಸ್ಸು ರೈಲು, ನಾಲ್ಕು ಪ್ರಯಾಣ: 120 ಯೂರೋ
ಊರೊಳಗಿನ ಟ್ರಾಮ್, ಮೆಟ್ರೋ: 45
ಹಾಸ್ಟೆಲಿನ ಹಾಸಿಗೆ, 9 ರಾತ್ರಿಗೆ 30ರಂತೆ: 270
ಊಟ ತಿಂಡಿ, 10 ದಿನಕ್ಕೆ 18ರಂತೆ: 180
ನೋಡುವ ಜಾಗಗಳ ಟಿಕೆಟ್ಟು: 60
ಬಟ್ಟೆ ಒಗೆಯುವ ಯಂತ್ರ, ಲಾಕರು, ಶೌಚಾಲಯದ ಚಿಲ್ಲರೆ: 25
ಒಟ್ಟು: 700
ಮೇಲೆ ಕೆಳಗಾದರೆ ಇರಲಿ ಅಂತ ನೂರಕ್ಕೆ ಹತ್ತು: 70
ಎಲ್ಲ ಸೇರಿ: 770 ಯೂರೋ

ಯೂರೋ ದರ ದಿನಾ ಏರಿಳಿಯುತ್ತದೆ. ಲೆಕ್ಕಕ್ಕೆ 110 ರೂಪಾಯಿ ಹಿಡಿದರೆ 84,700 ರೂಪಾಯಿ. ಎದೆ ಧಸಕ್ಕೆಂದಿತೇ? ನಮ್ಮ ರೂಪಾಯಿಯಲ್ಲಿ ನೋಡಿದರೆ ಹಾಗೇ ಅನ್ನಿಸುತ್ತದೆ. ಅದಕ್ಕೇ ಹೇಳಿದ್ದು, ಯೂರೋದಲ್ಲಿ ಸಂಪಾದಿಸಿದ್ದನ್ನೇ ಯೂರೋದಲ್ಲಿ ಖರ್ಚು ಮಾಡಲಿ ಅಂತ. ಇನ್ನೊಂದು ಮಾತು. ಅವಳು ಊರಲ್ಲಿಲ್ಲದ ಹತ್ತು ದಿನಕ್ಕೂ ಮ್ಯೂನಿಕ್‌ನ ಕೋಣೆಯ ಬಾಡಿಗೆ ಕಟ್ಟಲೇಬೇಕು. ಲೆಕ್ಕ ಹಾಕುವ ಮಕ್ಕಳು ಇದನ್ನೇ ಮರೆಯುತ್ತಾರೆ.

ಎಲ್ಲಿ ಉಳಿಸಬಹುದು?

ಓಡಾಟದಲ್ಲಿ ಬೇಕಾದಷ್ಟು ಉಳಿಸಬಹುದು. ಬಸ್ಸು ರೈಲುಗಳ ಟಿಕೆಟ್ಟು ತಿಂಗಳು ಮೊದಲೇ ತೆಗೆದರೆ ಅಗ್ಗ, ಹೊರಡುವ ದಿನ ತೆಗೆದರೆ ದುಬಾರಿ. ಜರ್ಮನಿಯಲ್ಲಿ ಡಾಯ್ಚ್‌ಲ್ಯಾಂಡ್ ಟಿಕೆಟ್ ಅಂತ ತಿಂಗಳ ಪಾಸು ಇದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದದ್ದು 2026ರ ಜನವರಿಯಿಂದ 63 ಆಗಿದೆ. ವೇಗದ ರೈಲಿಗೆ ನಡೆಯದು, ಆದರೆ ಸಾಮಾನ್ಯ ರೈಲಿನಲ್ಲಿ ಗಡಿಯಾಚೆಯ ಸಾಲ್ಜ್‌ಬರ್ಗ್ ನಿಲ್ದಾಣದವರೆಗೂ ನಡೆಯುತ್ತದೆ. ಆ ಪಾಸು ಇದ್ದವಳು ಸಾಲ್ಜ್‌ಬರ್ಗ್‌ನಿಂದ ವಿಯೆನ್ನಾಗೆ ಮಾತ್ರ ಟಿಕೆಟ್ಟು ಕೊಂಡರೆ ಸಾಕು. ಇಂಟರ್‌ರೇಲ್ ಪಾಸು 1972ರಿಂದ ಇದೆ. ಯೂರೋಪಿನಲ್ಲಿ ವಾಸವಿರುವವರಿಗೆ ಅದು, ಇಲ್ಲಿಂದ ಹೋಗುವವರಿಗೆ ಯೂರೇಲ್. 27 ವಯಸ್ಸಿನವರೆಗೆ ರಿಯಾಯಿತಿ ಇದೆ. ಆದರೆ ನಾಲ್ಕೇ ಪ್ರಯಾಣಕ್ಕೆ ಪಾಸು ದಂಡ. ಎಂಟು ಹತ್ತು ಊರು ಸುತ್ತುವವರಿಗೆ ಅದು ಸರಿ. ಅಲ್ಲೂ ಫ್ರಾನ್ಸ್, ಇಟಲಿ, ಸ್ಪೇನ್‌ಗಳ ವೇಗದ ರೈಲಿಗೆ ಸೀಟು ಕಾದಿರಿಸುವ ದುಡ್ಡು ಬೇರೆ.

ಅಗ್ಗದ ವಿಮಾನ ಕಂಡರೆ ಮಕ್ಕಳಿಗೆ ಆಸೆ. ಟಿಕೆಟ್ಟು ಅಗ್ಗವೇ. ಆದರೆ ಚೀಲಕ್ಕೆ ಬೇರೆ ದುಡ್ಡು, ವಿಮಾನ ನಿಲ್ದಾಣ ಊರಿಂದ ದೂರ. ಪ್ಯಾರಿಸ್ ಹೆಸರಿನಲ್ಲಿ ಇಳಿಸುವ ಬೋವೆ ನಿಲ್ದಾಣದಿಂದ ಪ್ಯಾರಿಸ್ಸಿಗೆ ಸುಮಾರು 80 ಕಿಲೋಮೀಟರು! ಆ ಬಸ್ಸಿನ ದುಡ್ಡನ್ನೂ ಸೇರಿಸಿ ಆಮೇಲೆ ಅಗ್ಗವೋ ಅಲ್ಲವೋ ಹೇಳಲಿ.

ನೀರಿಗೆ ಕಾಸು ಕೊಡಬೇಕಾಗಿಲ್ಲ. ವಿಯೆನ್ನಾದ ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟದ ಊಟೆ ನೀರು. 1873ರಿಂದಲೇ ಕೊಳವೆಯಲ್ಲಿ ಊರಿಗೆ ತರುತ್ತಿದ್ದಾರೆ. ಒಂದು ಬಾಟಲಿ ಜೊತೆಗಿದ್ದರೆ ಸಾಕು. ನೋಡುವುದಕ್ಕೂ ಎಲ್ಲ ಕಡೆ ದುಡ್ಡು ತೆರಬೇಕಿಲ್ಲ. ವಿಯೆನ್ನಾದ ಷೋನ್‌ಬ್ರುನ್ ಅರಮನೆಯ ಒಳಗೆ ಟಿಕೆಟ್ಟು, ದೊಡ್ಡ ಉದ್ಯಾನಕ್ಕೆ ಇಲ್ಲ. ಅಲ್ಲಿನ ಸರ್ಕಾರಿ ಆಪೆರಾದಲ್ಲಿ ನಿಂತು ನೋಡುವವರಿಗೆ ಅಗ್ಗದ ಟಿಕೆಟ್ಟಿದೆ. ಬುಡಾಪೆಸ್ಟಿನಲ್ಲಿ ಗೆಲ್ಲೆರ್ಟ್ ಗುಡ್ಡ ಹತ್ತಿದರೆ ಡ್ಯಾನ್ಯೂಬ್ ನದಿ, ಅದರ ಮೇಲೆ 1849ರ ಸರಪಳಿ ಸೇತುವೆ ಎಲ್ಲ ಕಾಣುತ್ತದೆ. ಪ್ರಾಗ್‌ನ ಚಾರ್ಲ್ಸ್ ಸೇತುವೆ ಕಟ್ಟಲು ಶುರು ಮಾಡಿದ್ದು 1357ರಲ್ಲಿ. ಬೆಳಗಿನ ಜಾವ ಜನ ಸೇರುವ ಮೊದಲು ಅದರ ಮೇಲೆ ನಡೆಯಲು ಯಾರೂ ಕಾಸು ಕೇಳುವುದಿಲ್ಲ. ಮುಂದೆಂದಾದರೂ ಪ್ಯಾರಿಸ್ಸಿಗೆ ಹೋದರೆ, ಯೂರೋಪಿನಲ್ಲಿ ವಾಸವಿರುವ 26 ತುಂಬದವರಿಗೆ ಲೂವ್ರ್ ವಸ್ತುಸಂಗ್ರಹಾಲಯ ಉಚಿತ. ಜರ್ಮನಿಯ ನಿವಾಸ ಕಾರ್ಡು ತೋರಿಸಿದರೆ ನಮ್ಮ ಮಕ್ಕಳಿಗೂ ಅದು ಸಿಗುತ್ತದೆ. ಅದಕ್ಕೇ ನಿವಾಸ ಕಾರ್ಡು, ವಿದ್ಯಾರ್ಥಿ ಕಾರ್ಡು ಎರಡೂ ಸದಾ ಕೈಯಲ್ಲಿರಲಿ.

ಊಟದಲ್ಲಿಯೂ ಉಳಿತಾಯ ಸುಲಭ. ಎಷ್ಟೋ ಹಾಸ್ಟೆಲುಗಳಲ್ಲಿ ಅಡುಗೆಮನೆ ಇರುತ್ತದೆ. ಬೆಳಿಗ್ಗೆ ಸಂಜೆ ಅಲ್ಲೇ ಬೇಯಿಸಿಕೊಂಡು, ಮಧ್ಯಾಹ್ನ ಒಂದು ಹೊತ್ತು ಆ ಊರಿನ ಊಟ ತಿಂದರೆ 18 ಯೂರೋ ಸಾಕಾಗುತ್ತದೆ. ಆ ಒಂದು ಹೊತ್ತನ್ನು ಮಾತ್ರ ತಪ್ಪಿಸಬಾರದು; ಅಷ್ಟು ದೂರ ಹೋಗಿ ಬರೀ ಉಪ್ಪಿಟ್ಟು ತಿಂದು ಬಂದರೆ ಹೋಗಿದ್ದೇಕೆ?

ಎಲ್ಲಿ ಉಳಿಸಬಾರದು?

ಸೋದರಿಯರೇ, ಈ ಭಾಗ ಎರಡು ಸಲ ಓದಿ. ಮಕ್ಕಳಿಗೆ ಎಲ್ಲಿ ಉಳಿಸಬೇಕು ಎಂದು ಹೇಳಿಕೊಡಬೇಕಾಗಿಲ್ಲ, ಅದು ಅವರಿಗೇ ಗೊತ್ತು. ಎಲ್ಲಿ ಉಳಿಸಬಾರದು ಎಂದು ಹೇಳುವವರು ನಾವೇ.

ಮೊದಲನೆಯದು ಹಾಸಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ, ಇಲ್ಲಿ ಹಾಸಿಗೆಯೇ ಭದ್ರವಾಗಿರಬೇಕು. ಯುವಜನರ ಹಾಸ್ಟೆಲ್ ಎಂಬುದು ಹುಟ್ಟಿದ್ದೇ ಜರ್ಮನಿಯಲ್ಲಿ. ರಿಚರ್ಡ್ ಷಿರ್‌ಮನ್ ಎಂಬ ಶಾಲಾ ಮಾಸ್ತರರು ನಡೆದು ಊರು ನೋಡುವ ಮಕ್ಕಳಿಗೆ ತಂಗಲು ಜಾಗವಿರಲಿ ಅಂತ 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಶುರು ಮಾಡಿದರು. ಒಂದೇ ಕೋಣೆಯಲ್ಲಿ ಆರು ಎಂಟು ಮಂಚ, ಅಪರಿಚಿತರ ಜೊತೆ ಮಲಗುವ ಪದ್ಧತಿ. ಅನೇಕ ಕಡೆ ಹೆಣ್ಣುಮಕ್ಕಳಿಗೇ ಬೇರೆ ಕೋಣೆ ಇರುತ್ತದೆ. ರಾತ್ರಿಗೆ ನಾಲ್ಕು ಯೂರೋ ಹೆಚ್ಚಾದರೂ ಅದನ್ನೇ ಹಿಡಿಯಲಿ. ನಿಲ್ದಾಣಕ್ಕೆ ಹತ್ತಿರವಿರಲಿ, ತಂಗಿದ್ದ ಹುಡುಗಿಯರು ಬರೆದ ಅಭಿಪ್ರಾಯ ಓದಿರಲಿ, ಬೀಗ ಒಂದು ಜೊತೆಗಿರಲಿ.

ಎರಡನೆಯದು ಹಗಲು. ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ ಅಂತ ರಾತ್ರಿ ಬಸ್ಸು ಹತ್ತಿ, ಗುರುತಿಲ್ಲದ ಊರಿನಲ್ಲಿ ನಸುಕಿಗೆ ಇಳಿಯುವುದು ಉಳಿತಾಯವಲ್ಲ. ಬೆಳಕಿರುವಾಗ ಊರು ಮುಟ್ಟುವ ಬಸ್ಸಿಗೆ ಹತ್ತು ಯೂರೋ ಹೆಚ್ಚಾದರೆ ಆಗಲಿ.

ಮೂರನೆಯದು ವಿಮೆ. ಜರ್ಮನಿಯ ಆರೋಗ್ಯ ವಿಮೆ ಯಾವ ಯಾವ ದೇಶದಲ್ಲಿ ನಡೆಯುತ್ತದೆ ಎಂದು ಹೊರಡುವ ಮೊದಲು ವಿಮೆಯವರನ್ನೇ ಕೇಳಿ ತಿಳಿಯಲಿ. ನಡೆಯದ ಕಡೆ ಪ್ರವಾಸದ ವಿಮೆ ಮಾಡಿಸಲಿ. ಒಂದು ಕಾಲು ಉಳುಕಿದರೆ ಆಸ್ಪತ್ರೆಯ ಬಿಲ್ಲು ಇಡೀ ಪ್ರವಾಸದ ದುಡ್ಡನ್ನು ನುಂಗುತ್ತದೆ.

ನಾಲ್ಕನೆಯದು ಟ್ರಾಮಿನ ಟಿಕೆಟ್ಟು. ಬುಡಾಪೆಸ್ಟ್, ಪ್ರಾಗ್‌ಗಳಲ್ಲಿ ಕಾಗದದ ಟಿಕೆಟ್ಟು ಕೊಂಡರಷ್ಟೇ ಆಗದು, ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಇಲ್ಲವಾದರೆ ತಪಾಸಣೆಯವರು ಅಲ್ಲೇ ದಂಡ ಹಾಕುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ದುಡ್ಡು ಬದಲಿಸುವಾಗ

ಆಸ್ಟ್ರಿಯಾದಲ್ಲಿ ಯೂರೋ ನಡೆಯುತ್ತದೆ, ಹಂಗೆರಿಯಲ್ಲಿ ಫೋರಿಂಟ್, ಚೆಕ್‌ನಲ್ಲಿ ಕೊರುನಾ. ಪೇಟೆ ಬೀದಿಯಲ್ಲಿ "ಕಮಿಷನ್ ಇಲ್ಲ" ಎಂದು ಬೋರ್ಡು ಹಾಕಿದ ಅಂಗಡಿಗಳು ದರದಲ್ಲೇ ಕಿತ್ತುಕೊಳ್ಳುತ್ತವೆ. ಬ್ಯಾಂಕಿನ ಎಟಿಎಂನಲ್ಲಿ ಬೇಕಾದಷ್ಟೇ ತೆಗೆಯಲಿ. "ನಿಮ್ಮ ಕಾರ್ಡಿನ ಹಣದಲ್ಲಿ ಲೆಕ್ಕ ಹಾಕಲೇ?" ಎಂದು ಯಂತ್ರ ಕೇಳಿದರೆ ಬೇಡ ಅನ್ನಬೇಕು, ಆ ಊರಿನ ಹಣದಲ್ಲೇ ಆಗಲಿ ಅನ್ನಬೇಕು. ಹೂಂ ಅಂದರೆ ಅವರು ಹೇಳಿದ ದರ, ನಷ್ಟ ನಮಗೆ.

ತಾಯಿಯ ಪಾಲು

ಪ್ರವಾಸದ ಖರ್ಚು ಮಗಳದು ಅಂದೆ. ತಂದೆತಾಯಿಯ ಪಾಲು ಒಂದೇ, ಆಪದ್ಧನ. 300 ಯೂರೋ, ಅಂದರೆ ಸುಮಾರು 33,000 ರೂಪಾಯಿ, ಅವಳ ಇನ್ನೊಂದು ಕಾರ್ಡಿನಲ್ಲಿರಲಿ. ಮೊದಲ ಕಾರ್ಡು ಚೀಲದಲ್ಲಿದ್ದರೆ ಇದು ಮೈಮೇಲಿರಲಿ. ಪರ್ಸು ಕಳೆದರೆ, ಬಸ್ಸು ತಪ್ಪಿದರೆ, ಇಳಿದುಕೊಂಡ ಜಾಗ ಸರಿ ಕಾಣದಿದ್ದರೆ, "ಅಮ್ಮನ್ನ ಕೇಳಬೇಕು" ಅಂತ ಕಾಯದೆ ಆ ಕ್ಷಣವೇ ಅದನ್ನು ಖರ್ಚು ಮಾಡಿ ಒಳ್ಳೆಯ ಕೋಣೆ ಹಿಡಿಯಲಿ. "ಇದಕ್ಕೆ ಲೆಕ್ಕ ಕೇಳೋದಿಲ್ಲ" ಅಂತ ಮೊದಲೇ ಹೇಳಿಬಿಡಿ. ಬೈಗುಳದ ಹೆದರಿಕೆಯಿಂದ ಹುಡುಗಿ ಕೆಟ್ಟ ಜಾಗದಲ್ಲಿ ರಾತ್ರಿ ಕಳೆಯುವಂತಾಗಬಾರದು. ಖರ್ಚಾಗದೆ ಉಳಿದರೆ ಸಾಲದ ಕಂತಿಗೆ ಕಟ್ಟಿ.

ಪಾಸ್‌ಪೋರ್ಟು, ನಿವಾಸ ಕಾರ್ಡು, ವಿಮೆಯ ನಕಲು ನಿಮ್ಮ ಹತ್ತಿರವೂ ಒಂದಿರಲಿ. 2024ರ ಸೆಪ್ಟೆಂಬರಿನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಶುರು ಮಾಡಿತು. ಆದ್ದರಿಂದ ವಾಪಸ್ ಬರುವಾಗ ಮೂಲ ಪತ್ರಗಳೇ ಕೈಯಲ್ಲಿರಬೇಕು. ಈ ಎಲ್ಲ ದೇಶಗಳಲ್ಲೂ ತುರ್ತು ಸಂಖ್ಯೆ ಒಂದೇ: 112. ದಿನಕ್ಕೆ ಒಂದು ಸಲ, ರಾತ್ರಿ ಹಾಸ್ಟೆಲು ಸೇರಿದ ಮೇಲೆ ಫೋನು. ಗಂಟೆಗೊಂದು ಸಲ ಬೇಡ, ಅವಳೂ ನಾಲ್ಕು ದಿಕ್ಕು ನೋಡಲಿ.

ಚೀಲಕ್ಕೊಂದು ತಿಂಡಿ: ಬಿಸಿನೀರಿನ ಗೊಜ್ಜವಲಕ್ಕಿ

ಊರಿಂದ ಡಬ್ಬಿ ಕಳಿಸುವವರಿಗೆ ಮೊದಲು ಒಂದು ಎಚ್ಚರಿಕೆ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಯೂರೋಪಿನ ಒಕ್ಕೂಟ ನಿಷೇಧಿಸಿದೆ. ತುಪ್ಪ, ಪೇಡ, ಮೈಸೂರು ಪಾಕು ಬೇಡ. ಹಸಿ ಕರಿಬೇವು, ತರಕಾರಿಯೂ ಬೇಡ. ಇದನ್ನು ಮಗಳು ಅಲ್ಲೇ ಮಾಡಿಕೊಳ್ಳಬಹುದು.

ಗಟ್ಟಿ ಅವಲಕ್ಕಿ 4 ಬಟ್ಟಲು, ಸಾರಿನ ಪುಡಿ 3 ಚಮಚ, ಆಮ್‌ಚೂರ್ 2 ಚಮಚ, ಬೆಲ್ಲದ ಪುಡಿ 3 ಚಮಚ, ಒಣಕೊಬ್ಬರಿ ತುರಿ ಅರ್ಧ ಬಟ್ಟಲು, ಕಡಲೆಕಾಯಿ ಬೀಜ ಅರ್ಧ ಬಟ್ಟಲು, ಎಣ್ಣೆ 4 ಚಮಚ, ಸಾಸಿವೆ, ಕಡಲೆಬೇಳೆ, ಇಂಗು, ಅರಿಸಿನ, ಉಪ್ಪು.

ಅವಲಕ್ಕಿಯನ್ನು ಬೆಚ್ಚಗೆ ಹುರಿದು, ಆರಿಸಿ, ರವೆಯಂತೆ ತರಿಯಾಗಿ ಪುಡಿ ಮಾಡಿ. ಒಗ್ಗರಣೆಯಲ್ಲಿ ಬೀಜ, ಬೇಳೆ ಕೆಂಪಗೆ ಹುರಿದು ಉರಿ ಆರಿಸಿ, ಉಳಿದದ್ದೆಲ್ಲ ಸೇರಿಸಿ, ಪುಡಿಯೊಡನೆ ಕಲೆಸಿ. ಪೂರ್ತಿ ಆರಿದ ಮೇಲೆ ಪೊಟ್ಟಣ ಕಟ್ಟಿ. ತಿನ್ನುವಾಗ ಒಂದು ಬಟ್ಟಲು ಪುಡಿಗೆ ಮುಕ್ಕಾಲು ಬಟ್ಟಲು ಕುದಿಯುವ ನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಉದುರಾಗಿ ಅರಳುತ್ತದೆ. ಮೊಸರು ಅಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ.

ತಿಪಟೂರಿನ ಸೋದರಿಗೆ ಕೊನೆಯ ಮಾತು. ನಿಮ್ಮ ಅತ್ತೆಯವರ ಪ್ರಶ್ನೆ ತಪ್ಪಲ್ಲ, ಸಾಲ ಹೆಗಲ ಮೇಲಿರುವ ಮನೆಯಲ್ಲಿ ಹಿರಿಯರು ಕೇಳಬೇಕಾದ್ದೇ. ಮಗಳ ಲೆಕ್ಕದ ಹಾಳೆ ಬಂದಾಗ ಅವರಿಗೇ ಮೊದಲು ಓದಿ ಹೇಳಿ. ದೇಶ ಸುತ್ತು, ಕೋಶ ಓದು ಎಂದು ನಮಗೆ ಹೇಳಿಕೊಟ್ಟವರು ಅವರ ಕಾಲದವರೇ ಅಲ್ಲವೇ? ಹಾಳೆಯಲ್ಲಿ ಹಾಸಿಗೆ, ಹಗಲು, ವಿಮೆ ಮೂರೂ ಇದ್ದರೆ, ದುಡ್ಡು ಅವಳ ದುಡಿಮೆಯದಾದರೆ, ಧೈರ್ಯವಾಗಿ ಹೂಂ ಅನ್ನಿ.

ಮುಂದಿನ ಸಂಚಿಕೆಯಲ್ಲಿ ಮಳೆಗಾಲಕ್ಕೆ ಮುಂಚೆ ಬೇಳೆಕಾಳು ಕೊಂಡಿಡುವ ಲೆಕ್ಕ. ಅಲ್ಲಿಯವರೆಗೆ ನಮಸ್ಕಾರ.