ಮನೆ ಗ್ಯಾರೇಜಿಗೆ ಕಾರ್ ಲಿಫ್ಟ್: ‘ಎಷ್ಟು ಟನ್?’ ಎಂದು ಕೇಳಿದರೆ ಸಾಕೇ?

‘ಎರಡು ಟನ್ ಜಾಕ್ ಇದ್ದರೆ ಒಂದು ಟನ್ ಕಾರಿನ ಕೆಳಗೆ ಧೈರ್ಯವಾಗಿ ಮಲಗಬಹುದು’, ‘ನಾಲ್ಕು ಟನ್ ಲಿಫ್ಟ್ ತಂದರೆ ಮನೆಯೇ ಗ್ಯಾರೇಜ್’ ಎಂಬಂಥ ಮಾತುಗಳು ಮೊಬೈಲ್‌ನ ಚಿಕ್ಕ ವಿಡಿಯೋಗಳಲ್ಲಿ ಸಾಮಾನ್ಯ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂಥ ಊರುಗಳಲ್ಲಿ ಸ್ವಂತ ಕಾರು ಅಥವಾ ಬಾಡಿಗೆ ಗಾಡಿ ಇಟ್ಟುಕೊಂಡವರಿಗೆ ಆಯಿಲ್ ಬದಲಿಸುವುದು, ಬ್ರೇಕ್ ನೋಡುವುದು ಮನೆಯಲ್ಲೇ ಆದರೆ ಒಂದಿಷ್ಟು ಹಣ ಉಳಿಯುತ್ತದೆ. ಆ ಆಸೆ ತಪ್ಪಲ್ಲ. ಆದರೆ ಟನ್ ಲೆಕ್ಕ ತಿಳಿಸುವುದು ಎತ್ತುವ ಶಕ್ತಿಯನ್ನು ಮಾತ್ರ. ಎತ್ತಿದ ಕಾರು ಅಲ್ಲೇ ನಿಲ್ಲಬೇಕಾದರೆ ಲಾಕ್ ಮತ್ತು ನೆಲ ಎರಡೂ ಗಟ್ಟಿಯಾಗಿರಬೇಕು. ಕೆಳಗೆ ಮಲಗಿದವರ ಜೀವ ಇರುವುದು ಇವೆರಡರ ಮೇಲೆ.

ಎತ್ತುವುದು ಬೇರೆ, ನಿಲ್ಲಿಸುವುದು ಬೇರೆ

ಹೈಡ್ರಾಲಿಕ್ ಜಾಕ್ ಕೆಲಸ ಮಾಡುವುದು 17ನೇ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪಾಸ್ಕಲ್ ಹೇಳಿದ ನಿಯಮದ ಮೇಲೆ. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ರೀತಿ ಹರಡುತ್ತದೆ. ಚಿಕ್ಕ ಪಿಸ್ಟನ್ ಮೇಲೆ ಕೈಯಿಂದ ಒತ್ತಿದರೆ ದೊಡ್ಡ ಪಿಸ್ಟನ್ ಕಾರನ್ನೇ ಎತ್ತುತ್ತದೆ.

ಒಂದು ಸರಳ ಲೆಕ್ಕ ನೋಡೋಣ. ಜಾಕ್‌ನ ದೊಡ್ಡ ಪಿಸ್ಟನ್ 5 ಚದರ ಸೆಂ.ಮೀ. ಇದೆ, ಅದರ ಮೇಲೆ ಕಾರಿನ 500 ಕೆ.ಜಿ. ಭಾರ ಕೂತಿದೆ ಎಂದುಕೊಳ್ಳಿ. ಒಳಗಿನ ಎಣ್ಣೆಯ ಒತ್ತಡ ಪ್ರತಿ ಚದರ ಸೆಂ.ಮೀ.ಗೆ 100 ಕೆ.ಜಿ. ಕಾರಿನ ಟೈರ್‌ನಲ್ಲಿ ಇರುವುದು ಸುಮಾರು 2 ಕೆ.ಜಿ. ಅಂದರೆ ಟೈರ್‌ಗಿಂತ 50 ಪಟ್ಟು ಹೆಚ್ಚು ಒತ್ತಡವನ್ನು ತಡೆದು ನಿಂತಿರುವುದು ಒಂದು ಸಣ್ಣ ಸೀಲ್. ಅದು ಹಳೆಯದಾಗಿ ಸವೆದರೆ, ಸಣ್ಣ ಕಸ ವಾಲ್ವ್‌ನಲ್ಲಿ ಸಿಕ್ಕಿಕೊಂಡರೆ ಕಾರು ಕೆಳಗಿಳಿಯುತ್ತದೆ. ಇಳಿಯುವ ಮುನ್ನ ಸೂಚನೆ ಸಿಗುತ್ತದೆ ಎಂಬ ಖಾತ್ರಿ ಇಲ್ಲ.

ಹೀಗಾಗಿ ಜಾಕ್ ಇರುವುದು ಎತ್ತಲು. ಎತ್ತಿದ ಮೇಲೆ ಭಾರ ಹೊರಬೇಕಾದ್ದು ಕಬ್ಬಿಣದ ಜಾಕ್ ಸ್ಟ್ಯಾಂಡ್. ಲಿಫ್ಟ್‌ನಲ್ಲಿ ಈ ಕೆಲಸವನ್ನು ಲಾಕ್‌ಗಳು ಮಾಡುತ್ತವೆ: ಬೇಕಾದ ಎತ್ತರಕ್ಕೆ ಏರಿಸಿ, ಲಾಕ್ ಮೇಲೆ ಕೂರುವವರೆಗೆ ತುಸು ಇಳಿಸಬೇಕು. ಆಗ ಭಾರ ಎಣ್ಣೆಯಿಂದ ಕಬ್ಬಿಣಕ್ಕೆ ದಾಟುತ್ತದೆ. ಇಟ್ಟಿಗೆ, ಕಲ್ಲು, ಸಿಮೆಂಟ್ ಬ್ಲಾಕ್ ಇಟ್ಟು ಕೆಳಗೆ ನುಸುಳುವ ರೂಢಿ ಬಿಡಲೇಬೇಕು. ಇಟ್ಟಿಗೆ ಬಾಗುವುದಿಲ್ಲ, ಒಮ್ಮೆಲೇ ಒಡೆಯುತ್ತದೆ.

ಇನ್ನೊಂದು ಮಾತು: ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು. ಹಿಂಭಾಗ ಎತ್ತಿದರೆ ಅದು ಉಪಯೋಗಕ್ಕೆ ಬರುವುದಿಲ್ಲ. ನೆಲದ ಮೇಲಿರುವ ಮುಂದಿನ ಗಾಲಿಗಳಿಗೆ ಎರಡೂ ಕಡೆ ತಡೆ ಇಡಬೇಕು.

ಹತ್ತು ಅಡಿ ಸ್ಲ್ಯಾಬ್ ಕೆಳಗೆ ಯಾವ ಲಿಫ್ಟ್?

ದೊಡ್ಡ ಗ್ಯಾರೇಜ್‌ಗಳಲ್ಲಿ ಕಾಣುವ ಎರಡು ಕಂಬದ ಲಿಫ್ಟ್‌ನಲ್ಲಿ ನಾಲ್ಕು ತೋಳುಗಳು ಕಾರಿನ ಬಾಡಿಯನ್ನು ಹಿಡಿದೆತ್ತುತ್ತವೆ. ಗಾಲಿಗಳು ತೂಗುವುದರಿಂದ ಎಲ್ಲ ಕೆಲಸಕ್ಕೂ ಅನುಕೂಲ. ಆದರೆ ಮನೆಯ ಎತ್ತರ ಸಾಲದು. 10 ಅಡಿ ಎಂದರೆ 305 ಸೆಂ.ಮೀ. ಸ್ವಿಫ್ಟ್‌ನಂಥ ಕಾರಿನ ಎತ್ತರ ಸುಮಾರು 153 ಸೆಂ.ಮೀ. ಕೆಳಗೆ ಒಬ್ಬರು ನಿಲ್ಲಲು 170 ಬೇಕೆಂದರೂ ಒಟ್ಟು 323 ಸೆಂ.ಮೀ. ಆಯಿತು. ಕಾರಿನ ಟಾಪ್ ಸ್ಲ್ಯಾಬ್‌ಗೆ ಬಡಿಯುತ್ತದೆ. ಸುಮಾರು 188 ಸೆಂ.ಮೀ. ಎತ್ತರದ ಬೊಲೆರೊ ಇದ್ದರಂತೂ ಮಾತೇ ಬೇಡ.

ನಾಲ್ಕು ಕಂಬದ ಲಿಫ್ಟ್‌ನಲ್ಲಿ ಕಾರು ತನ್ನ ಗಾಲಿಗಳ ಮೇಲೇ ನಿಲ್ಲುತ್ತದೆ, ಭಾರ ನಾಲ್ಕು ಕಡೆ ಹಂಚಿಹೋಗುತ್ತದೆ. ಆದರೆ ಜಾಗ ಹೆಚ್ಚು ಬೇಕು, ಗಾಲಿ ಬಿಚ್ಚಲು ಮತ್ತೊಂದು ಜಾಕ್ ಬೇಕು.

ಮನೆಗೆ ಹೆಚ್ಚು ಹೊಂದುವುದು ಒಂದು ಮೀಟರ್ ಆಸುಪಾಸು ಏರುವ ಕತ್ತರಿ ಮಾದರಿಯ ಲಿಫ್ಟ್. ಕೆಳಗೆ ಚಿಕ್ಕ ಸ್ಟೂಲ್ ಮೇಲೆ ಕೂತು ಕೆಲಸ ಮಾಡಬಹುದು. ಟೈರ್, ಬ್ರೇಕ್, ಸಸ್ಪೆನ್ಷನ್ ಕೆಲಸಕ್ಕೆ ಇದು ಸಾಕು. ಕತ್ತರಿಯ ಭಾಗ ಕಾರಿನ ನಡುವೆ ಅಡ್ಡ ಬರುವುದರಿಂದ ಗೇರ್‌ಬಾಕ್ಸ್, ಸೈಲೆನ್ಸರ್ ಕೆಲಸಕ್ಕೆ ತೊಡಕು.

ಯಾವುದೇ ಲಿಫ್ಟ್ ಆಗಲಿ, ಸ್ವಿಫ್ಟ್‌ನಂಥ ಕಾರುಗಳಿಗೆ ಪ್ರತ್ಯೇಕ ಚಾಸಿ ಇರುವುದಿಲ್ಲ. ಕಂಪನಿಯ ಪುಸ್ತಕದಲ್ಲಿ ತೋರಿಸಿದ ಜಾಗದಲ್ಲೇ ಪ್ಯಾಡ್ ಕೊಡಬೇಕು. ಬೇರೆ ಕಡೆ ಕೊಟ್ಟರೆ ತಗಡು ತಗ್ಗಾಗುತ್ತದೆ, ಕಾರು ಜಾರಲೂಬಹುದು.

ಎರೆ ನೆಲದ ಪ್ರಶ್ನೆ

ವಿಡಿಯೋಗಳಲ್ಲಿ ಯಾರೂ ಹೇಳದ ವಿಷಯ ಇದು. ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ದೊಡ್ಡ ಭಾಗ ಎರೆ ಭೂಮಿ. ಹತ್ತಿ, ಜೋಳ, ಕಡಲೆಗೆ ಹೇಳಿ ಮಾಡಿಸಿದ ಈ ಮಣ್ಣು ಕಟ್ಟಡಕ್ಕೆ ಕಷ್ಟದ್ದು. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದು ಇದರಿಂದಲೇ. ಮನೆಯ ಪೋರ್ಚ್ ಕೆಳಗೂ ಇದೇ ಆಟ ನಡೆಯುತ್ತದೆ. ಕಿತ್ತೂರು ಕಡೆ ಕೆಂಪು ಮಣ್ಣೂ ಸಿಗುತ್ತದೆ, ಸವದತ್ತಿ–ರಾಮದುರ್ಗದ ಗುಡ್ಡದ ಬದಿಯಲ್ಲಿ ಕಲ್ಲು ನೆಲವೂ ಇದೆ. ಹಾಗಾಗಿ ಪಕ್ಕದ ಊರಲ್ಲಿ ಸರಿಹೋದದ್ದು ನಿಮ್ಮಲ್ಲೂ ಸರಿಹೋಗುತ್ತದೆ ಎನ್ನಲಾಗದು.

ಗರಸು ಹಾಕಿ, ತೆಳುವಾಗಿ ಕಾಂಕ್ರೀಟ್ ಸುರಿದು, ಮೇಲೆ ಪರಸಿ ಅಥವಾ ಟೈಲ್ಸ್ ಹಾಸಿದ ನೆಲ ಕಾರು ನಿಲ್ಲಿಸಲು ಸಾಕು, ಲಿಫ್ಟ್‌ಗೆ ಸಾಲದು. ಎರಡು ಕಂಬದ ಲಿಫ್ಟ್‌ನಲ್ಲಿ ಕಾರಿನ ಭಾರ ಕಂಬಗಳನ್ನು ಒಳಕ್ಕೆ ವಾಲಿಸಲು ನೋಡುತ್ತದೆ. ಅದನ್ನು ತಡೆಯುವುದು ಕಾಂಕ್ರೀಟ್ ಒಳಗೆ ಇಳಿದ ಬೋಲ್ಟ್‌ಗಳು. ಕಾಂಕ್ರೀಟ್ ಬಿರಿದರೆ ಬೋಲ್ಟ್ ಕಿತ್ತು ಬರುತ್ತದೆ. ತಯಾರಕರು ಹೇಳುವ ಕಾಂಕ್ರೀಟ್ ದಪ್ಪದಲ್ಲಿ ಟೈಲ್ಸ್ ಲೆಕ್ಕಕ್ಕಿಲ್ಲ. ಎರೆ ನೆಲವಿದ್ದರೆ ಆ ಮಣ್ಣನ್ನು ಎಷ್ಟು ಆಳ ತೆಗೆಯಬೇಕು, ಸ್ಲ್ಯಾಬ್‌ಗೆ ಎಷ್ಟು ಸರಳು ಬೇಕು ಎಂಬುದನ್ನು ಸಿವಿಲ್ ಎಂಜಿನಿಯರ್ ಸ್ಥಳ ನೋಡಿಯೇ ಹೇಳಬೇಕು.

ಗುಂಡಿ ತೋಡಿದರೆ?

‘ಲಿಫ್ಟ್ ಯಾಕೆ, ಗುಂಡಿ ಸಾಕು’ ಎನ್ನುವವರಿದ್ದಾರೆ. ಖರ್ಚು ಕಡಿಮೆ ನಿಜ. ಆದರೆ ಪೆಟ್ರೋಲ್ ಆವಿ ಮತ್ತು ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಗುಂಡಿಯ ತಳದಲ್ಲಿ ನಿಲ್ಲುತ್ತವೆ, ಒಂದು ಕಿಡಿ ತಾಗಿದರೆ ಬೆಂಕಿ. ಎಂಜಿನ್ ಚಾಲೂ ಇಟ್ಟು ಇಳಿದರೆ ಹೊಗೆಯಿಂದ ಉಸಿರುಗಟ್ಟುವ ಅಪಾಯವೂ ಇದೆ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಗುಂಡಿಯ ಗೋಡೆಯನ್ನು ಒಳಕ್ಕೆ ದೂಡುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೆರೆ ಕಂಡ ರಾಮದುರ್ಗದಂಥ ಕಡೆ, ತಗ್ಗಿನಲ್ಲಿರುವ ಮನೆಗೆ ಗುಂಡಿ ಬೇಡವೇ ಬೇಡ.

ಕೊಳ್ಳುವ ಮುನ್ನ ಕೇಳಬೇಕಾದ್ದು

• ಲಾಕ್ ಎಷ್ಟು ಎತ್ತರಗಳಲ್ಲಿ ಬೀಳುತ್ತದೆ? ಎಣ್ಣೆ ಪೈಪ್ ಒಡೆದರೆ ಲಿಫ್ಟ್ ನಿಲ್ಲುತ್ತದೆಯೇ?
• ಕರೆಂಟ್ ಹೋದಾಗ ಕೈಯಿಂದ ಇಳಿಸುವ ವ್ಯವಸ್ಥೆ ಇದೆಯೇ?
• ಮೋಟಾರ್ ಸಿಂಗಲ್ ಫೇಸ್‌ದೋ, ತ್ರೀ ಫೇಸ್‌ದೋ? ಮನೆಯ ಮಂಜೂರಾದ ಲೋಡ್ ಸಾಲುತ್ತದೆಯೇ ಎಂದು ಹೆಸ್ಕಾಂ ಕಚೇರಿಯಲ್ಲಿ ಕೇಳಿ. ಅರ್ಥಿಂಗ್ ಕಡ್ಡಾಯ.
• ಎಷ್ಟು ದಪ್ಪದ, ಯಾವ ದರ್ಜೆಯ ಕಾಂಕ್ರೀಟ್ ಬೇಕು? ಉತ್ತರವನ್ನು ಬರಹದಲ್ಲಿ ಪಡೆಯಿರಿ.
• ವಾಹನ ಲಿಫ್ಟ್‌ಗಳ ಯುರೋಪಿಯನ್ ಮಾನದಂಡ ಇಎನ್ 1493ರ ಪ್ರಕಾರ ಪರೀಕ್ಷೆ ಆಗಿದೆಯೇ? ಸ್ಟಿಕ್ಕರ್ ನೋಡಿ ಸುಮ್ಮನಾಗದೆ ಪ್ರಮಾಣಪತ್ರ ಕೇಳಿ.
• ಸೀಲ್, ಕೇಬಲ್ ಬದಲಿಸಲು ಬೆಳಗಾವಿ ಅಥವಾ ಹುಬ್ಬಳ್ಳಿಯಿಂದ ಮಂದಿ ಬರುತ್ತಾರೆಯೇ?

ನಿಜವಾಗಿಯೂ ಬೇಕೇ?

ವರ್ಷಕ್ಕೆ ಎರಡು ಸಲ ಆಯಿಲ್ ಬದಲಿಸುವವರಿಗೆ ಲಿಫ್ಟ್ ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ಒಳ್ಳೆಯ ಟ್ರಾಲಿ ಜಾಕ್, ಒಂದು ಜೊತೆ ಜಾಕ್ ಸ್ಟ್ಯಾಂಡ್, ಗಾಲಿಗೆ ತಡೆ ಮತ್ತು ಸಮತಟ್ಟಾದ ಗಟ್ಟಿ ನೆಲ ಇದ್ದರೆ ಸಾಕು. ಮೂರ್ನಾಲ್ಕು ಗಾಡಿ ಇಟ್ಟುಕೊಂಡು ವಾರವೂ ಕೆಲಸ ಇರುವವರು ಲಿಫ್ಟ್ ಯೋಚಿಸಬಹುದು. ಆದರೆ ಮೊದಲ ಖರ್ಚು ನೆಲಕ್ಕೆ, ಆಮೇಲಿನದು ಲಿಫ್ಟ್‌ಗೆ.

ಮುಂದಿನ ಸಲ ಜಾಕ್ ಒಂದರ ಮೇಲೆ ನಿಂತ ಕಾರಿನ ಕೆಳಗೆ ಯಾರೋ ಮಲಗಿರುವ ವಿಡಿಯೋ ಬಂದರೆ ಅದನ್ನು ಮುಂದೆ ಕಳಿಸಬೇಡಿ. ಕಳಿಸಿದವರಿಗೆ ‘ಸ್ಟ್ಯಾಂಡ್ ಎಲ್ಲಿದೆ?’ ಎಂದು ಕೇಳಿ.