ಗೃಹಿಣಿಗೊಂದು ಕಿವಿಮಾತು: ಮೌಸ್ ಗುಂಡಿ ಸವೆದಾಗ

ಸೋದರಿಯರೇ, ಮನೆಯ ಕಂಪ್ಯೂಟರಿನ ಮೌಸ್ ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗುತ್ತಿದೆಯೇ? “ಅಮ್ಮ ಮುಟ್ಟಿದ್ದಕ್ಕೇ ಕೆಟ್ಟಿತು” ಅಂತ ಮಕ್ಕಳ ಕೈಲಿ ಅನ್ನಿಸಿಕೊಂಡಿರಾ? ನೊಂದುಕೊಳ್ಳಬೇಡಿ, ತಪ್ಪು ನಿಮ್ಮ ಬೆರಳಿನದಲ್ಲ.

ಗುಂಡಿಯ ಕೆಳಗೆ ಪುಟ್ಟ ಸ್ವಿಚ್, ಅದರೊಳಗೆ ತೆಳುವಾದ ಲೋಹದ ಪಟ್ಟಿ ಇರುತ್ತೆ. ಲಕ್ಷಾಂತರ ಸಲ ಬಾಗಿ ಬಾಗಿ ಅದರ ಬಿಗಿ ಸಡಿಲುತ್ತೆ. ತಾಗುವ ತುದಿಯೂ ಸವೆದು, ಬೆಳ್ಳಿ ದೀಪದ ಹಾಗೆ ಕಪ್ಪಾಗುತ್ತೆ. ಎಡಗುಂಡಿಗೇ ದುಡಿತ ಹೆಚ್ಚು. ಮೊದಲು ಸೋಲುವುದೂ ಅದೇ.

ಏನು ಮಾಡೋದು? ಸೆಟ್ಟಿಂಗ್ಸ್‌ನಲ್ಲಿ ಎಡ-ಬಲ ಗುಂಡಿಗಳ ಕೆಲಸ ಅದಲುಬದಲು ಮಾಡಿ. ಅಷ್ಟಾಗಿ ಸವೆಯದ ಬಲಗುಂಡಿ ಕೆಲಕಾಲ ನಡೆಸಿಕೊಡುತ್ತೆ. ಒಳ್ಳೆಯ ಮೌಸಾದರೆ ರಿಪೇರಿಯವರಿಂದ ಹೊಸ ಸ್ವಿಚ್ ಬೆಸುಗೆ ಹಾಕಿಸಿ. ಅಗ್ಗದ್ದಾದರೆ ಹೊಸದೇ ಲೇಸು. ಅಲ್ಲಿಯವರೆಗೆ ಹಣ ಕಟ್ಟುವ ಕೆಲಸ ಮಾತ್ರ ಅದರಲ್ಲಿ ಬೇಡ.

ಅಂದ ಹಾಗೆ, ಈ ಪುಟವನ್ನು ಮಕ್ಕಳಿಗೂ ಓದಲು ಕೊಡಿ!