‘ಏನು ಪ್ರಯೋಜನ?’ ಎಂಬ ಪ್ರಶ್ನೆ



“ಮಗಳು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಓದುತ್ತೇನೆ ಎನ್ನುತ್ತಾಳೆ. ಅದರಿಂದ ಏನು ಪ್ರಯೋಜನ ಸಾರ್?” ಎಂದು ನಿಮ್ಮಲ್ಲಿ ಕೆಲವರು ಕೇಳುವುದುಂಟು. ಆಗೆಲ್ಲ ನನಗೆ ನೆನಪಾಗುವವರು ಪ್ರೊಫೆಸರ್ ಎಸ್. ಚಂದ್ರಶೇಖರ್. ನಕ್ಷತ್ರಗಳ ಅಧ್ಯಯನಕ್ಕಾಗಿ ನೊಬೆಲ್ ಪಡೆದ ಚಂದ್ರಶೇಖರ್ ಬೇರೆ. ಇವರು ದ್ರವಸ್ಫಟಿಕಗಳ ಚಂದ್ರಶೇಖರ್. ಇಬ್ಬರೂ ಸರ್ ಸಿ.ವಿ. ರಾಮನ್ ಅವರ ಹತ್ತಿರದ ಬಂಧುಗಳೇ.

ದ್ರವಸ್ಫಟಿಕವು ನೀರಿನಂತೆ ಹರಿಯುತ್ತದೆ. ಆದರೆ ಅದರ ಅಣುಗಳು ಹರಳಿನಲ್ಲಿರುವಂತೆ ಶಿಸ್ತಾಗಿ ನಿಲ್ಲುತ್ತವೆ. ಈ ವಿಚಿತ್ರವನ್ನು 1888ರಲ್ಲಿ ಮೊದಲು ಗಮನಿಸಿದವನು ಆಸ್ಟ್ರಿಯಾದ ಸಸ್ಯವಿಜ್ಞಾನಿ ರೈನಿಟ್ಸರ್. ಅದನ್ನು ಬಳಸಿದ ಪ್ರದರ್ಶನಫಲಕ ಬಂದದ್ದು 1968ರಲ್ಲಿ. ನಡುವಣ ಎಂಬತ್ತು ವರ್ಷ ಅದನ್ನು ಅಭ್ಯಸಿಸಿದವರನ್ನು ಎಷ್ಟು ಜನ ‘ಏನು ಪ್ರಯೋಜನ?’ ಎಂದು ಕೇಳಿರಬಹುದು!

ಕೇಂಬ್ರಿಜ್‌ನಲ್ಲಿ ಸಂಶೋಧನೆ ನಡೆಸಿದ ಚಂದ್ರಶೇಖರ್, 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರಾದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಆವರೆಗೆ ತಿಳಿದಿದ್ದ ಇಂಥ ಅಣುಗಳೆಲ್ಲ ಸಾಮಾನ್ಯವಾಗಿ ಕಡ್ಡಿಯಾಕಾರದವು. ತಟ್ಟೆಯಾಕಾರದ ಅಣುಗಳಾದರೆ ಹೇಗೆ? 1977ರಲ್ಲಿ ಅವರು ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರೊಡನೆ ಉತ್ತರ ಕಂಡುಕೊಂಡರು. ಆ ಅಣುಗಳು ನಾಣ್ಯ ಪೇರಿಸಿಟ್ಟಂತೆ ಒಂದರ ಮೇಲೊಂದು ಕುಳಿತು ಕಂಬಗಳಾಗುತ್ತವೆ. ಪ್ರಪಂಚಕ್ಕೆ ಹೊಸದಾದ ಈ ಪದಾರ್ಥವರ್ಗದ ಸುದ್ದಿ ಪ್ರಕಟವಾದದ್ದು ನಮ್ಮ ದೇಶದ ‘ಪ್ರಮಾಣ’ ಪತ್ರಿಕೆಯಲ್ಲಿ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿಯು ಇಂಥ ಅಣುಗಳ ತೆಳುಹಾಳೆಯನ್ನು ತಯಾರಿಸಿತು. ಓರೆಯಿಂದ ನೋಡಿದರೂ ಪರದೆಯ ಚಿತ್ರ ಕೆಡದಿರಲು ಅದು ನೆರವಾಯಿತು. ಪ್ರಯೋಜನವು ಹೀಗೆ ಕರೆಯದೆಯೇ ಬಂದಿತು.

ನಿವೃತ್ತಿಯ ನಂತರವೂ ಅವರು ಸುಮ್ಮನಿರಲಿಲ್ಲ. 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರವನ್ನು ಕಟ್ಟಿದರು. 2004ರಲ್ಲಿ ಅವರು ತೀರಿಕೊಂಡರು, ಕೇಂದ್ರ ಬೆಳೆಯಿತು. ಇಂದು ಅದು ಬೇರೆ ಹೆಸರಿನಿಂದ, ನಮ್ಮ ಹೆಸರಘಟ್ಟಕ್ಕೆ ದೂರವಲ್ಲದ ಶಿವನಪುರದಲ್ಲಿದೆ. ಆ ಆವರಣಕ್ಕೆ ಇಟ್ಟಿರುವುದು ನಮ್ಮ ಕೆರೆಯನ್ನು ತುಂಬಿಸುವ ಅರ್ಕಾವತಿಯ ಹೆಸರು.

ಬಿ.ಎಸ್ಸಿ. ಓದಿದವರೆಲ್ಲ ಚಂದ್ರಶೇಖರ್ ಆಗುವುದಿಲ್ಲ. ಮನೆಯ ಸಾಲ, ಬೇಗ ಕೆಲಸ ಸಿಗಬೇಕೆಂಬ ಆತಂಕ, ಇವು ನಾನರಿಯದ ಮಾತುಗಳಲ್ಲ. ಆದರೆ ಹದಿನೇಳು ವರ್ಷದ ಮಗುವಿನ ಕುತೂಹಲಕ್ಕೆ ಇಂದೇ ಲೆಕ್ಕಪತ್ರ ಕೇಳುವುದು ಬಿತ್ತಿದ ಮರುದಿನವೇ ತೆನೆ ಹುಡುಕಿದಂತೆ. ‘ಏನು ಪ್ರಯೋಜನ?’ ಎನ್ನುವ ಮೊದಲು, ‘ನಿನಗೆ ಏನು ತಿಳಿಯಬೇಕೆಂದು ಆಸೆ, ಮಗಳೇ?’ ಎಂದು ಕೇಳಿ. ಅವಳ ಬಳಿ ಉತ್ತರವಿದ್ದರೆ ದಯವಿಟ್ಟು ತಡೆಯಬೇಡಿ.